ಒತ್ತಿಗಿಷ್ಟು ಜಾಗ

ಮಂಗಳವಾರ ರಾತ್ರಿ ಯಾರನ್ನೂ ಕೇಳದೆ
ಬ್ರೌಸರು ತನ್ನನ್ನು ತಾನೇ ಹೊಸದು ಮಾಡಿಕೊಂಡಿತು.
ಬುಧವಾರ ಬೆಳಗ್ಗೆ, ದುರ್ಗಿಗುಡಿಯ ಈ ಮಹಡಿ ಕೋಣೆಯಲ್ಲಿ
ಕಾಫಿ ಲೋಟ ಕೆಳಗಿಡುವ ಮೊದಲೇ ಫೋನು,
ರಿಪ್ಪನ್‌ಪೇಟೆಯ ಓದುಗರೊಬ್ಬರು:
"ಏನ್ರೀ, ನಿಮ್ಮ ಇ-ಪುಸ್ತಕದಲ್ಲಿ ಕತ್ತೆಗಳೆಲ್ಲ ಕತೆ ಆಗಿದಾವೆ.
ಅಗಸ ಕತೆಯ ಬೆನ್ನಿಗೆ ಗಂಟು ಹೇರ್ತಿದಾನೆ."

ತೆರೆದು ನೋಡಿದೆ. ನಿಜ.
ಸಾಲಿನಡಿ ಯಾರೋ ಕುಡುಗೋಲು ಆಡಿಸಿದಂತೆ
ಒತ್ತಕ್ಷರಗಳೆಲ್ಲ ಬುಡಕ್ಕೇ ಹಾರಿವೆ.
ಮಲ್ಲೆ ಮಲೆಯಾಗಿದೆ, ಹಳ್ಳಿ ಹಳಿಯಾಗಿದೆ,
ಹತ್ತನೇ ಪುಟದಲ್ಲಿ ಶಿವಮೊಗ್ಗ ಶಿವಮೊಗ
(ಮೂಲದಲ್ಲಿ ಅದೇ ಹೆಸರು ಅನ್ನುವವರು ಊರಲ್ಲಿದ್ದಾರೆ,
ಅವರಿಂದ ಫೋನು ಬರಲಿಲ್ಲ).

ಹೊಸ ನಿಯಮವನ್ನು ಎರಡು ಸಲ ಓದಿದೆ.
ಸಾಲಿನ ಮೇಲೆ ಕೆಳಗೆ ಸುಮ್ಮನೆ ಬಿದ್ದಿರುವ ಬಿಳಿಯನ್ನು
ಇನ್ನು ಮುಂದೆ ಒಪ್ಪವಾಗಿ ಕತ್ತರಿಸಲಾಗುವುದು.
ಒಪ್ಪವಾಗಿ!
ಬರೆದವರ ಮೇಲೆ ಸಿಟ್ಟೂ ಬರಲಿಲ್ಲ.
ಅವರ ಅಕ್ಷರಗಳು ಗೆರೆಯ ಮೇಲೆ ನಿಂತವು,
ಅಲ್ಲೊಂದು ಇಲ್ಲೊಂದು ಬಾಲ ಇಳಿಬಿಟ್ಟರೆ ಅದೇ ಹೆಚ್ಚು.
ನಮ್ಮವಕ್ಕೆ ನೆಲಮಾಳಿಗೆ ಇದೆ.
ಅಲ್ಲಿ ಜನ ವಾಸವಿದ್ದಾರೆಂದು
ಅವರಿಗೆ ಹೇಳಿದವರು ಯಾರು?

ಕೆಳಗಿನ ಮಳಿಗೆಯಲ್ಲಿ ಮೊದಲು ಪ್ರೆಸ್ಸಿತ್ತು,
ಈಗ ಮೊಬೈಲ್ ಕವರಿನ ಅಂಗಡಿ.
ಮೊಳೆ ಜೋಡಿಸುತ್ತಿದ್ದ ಗುತ್ಯಪ್ಪ ಇವತ್ತಿಗೂ ಹತ್ತಕ್ಕೆ ಬಂದು
ಮೆಟ್ಟಿಲ ಮೇಲೆ ಕೂರುತ್ತಾನೆ, ಅಭ್ಯಾಸ.
ಅವನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ
"ಒತ್ತು ಖಾಲಿಯಾದವಾ?" ಅಂದ.
ಅವನ ಕಾಲದಲ್ಲಿ ಆಗುತ್ತಿತ್ತಂತೆ. ಚುನಾವಣೆಯ ಕರಪತ್ರ,
ಮದುವೆಯ ಕಾಗದ ಒಂದೇ ವಾರ ಬಿದ್ದರೆ
ಳ-ಒತ್ತು, ಲ-ಒತ್ತು ಸಾಲುತ್ತಿರಲಿಲ್ಲ;
ಭದ್ರಾವತಿಯ ಪ್ರೆಸ್ಸಿಗೆ ಸೈಕಲ್ ತುಳಿದು
ಎಣಿಸಿ, ಕರವಸ್ತ್ರದಲ್ಲಿ ಗಂಟು ಕಟ್ಟಿ, ಕಡ ತರುತ್ತಿದ್ದ.
ನಾನೆಲ್ಲಿಗೆ ತುಳಿಯಲಿ?

ಪುಸ್ತಕ ಆನವಟ್ಟಿಯ ಹುಚ್ಚಮ್ಮನದು.
ದಾದಿಯಾಗಿದ್ದು ನಿವೃತ್ತರಾದವರು, ಬದುಕನ್ನು
ನೂರ ಎಂಬತ್ತು ಪುಟದಲ್ಲಿ ಮಡಚಿ ಕೊಟ್ಟಿದ್ದರು.
ಇಪ್ಪತ್ತೇಳನೇ ಪುಟ: ಹದಿನಾರರ ಹುಡುಗಿ,
ಎರಡನೇ ಸಂಬಂಧಕ್ಕೆ ಮಾತು ಕೊಟ್ಟು ಬಂದ ಚಿಕ್ಕಪ್ಪ,
ಜಗಲಿಯಲ್ಲಿ ಎಲೆ ಅಡಿಕೆ ಹಾಕುವವರು ಏಳೆಂಟು ಜನ.
ಅವಳು ಆಡುವುದು ಒಂದೇ ಮಾತು.
ಆ ಮಾತಿಗೆಂದೇ ನಾನು ಇಡೀ ಸಾಲು ಬಿಟ್ಟಿದ್ದೆ,
ಅಕ್ಷರ ಕೊಂಚ ದೊಡ್ಡದು, ಸುತ್ತ ಬಿಳಿ:

        ಒಲ್ಲೆ.

ಈಗ ಅಲ್ಲಿ

        ಒಲೆ.

ಮಧ್ಯಾಹ್ನದವರೆಗೆ ಅವರ ನಂಬರು ಒತ್ತಿದೆ, ಅಳಿಸಿದೆ, ಒತ್ತಿದೆ.
ಕೊನೆಗೆ ಹೇಳಿಯೇಬಿಟ್ಟೆ. ಆಚೆ ಕಡೆ ತುಸು ಹೊತ್ತು ಸದ್ದಿಲ್ಲ.
ಆಮೇಲೆ ನಗು, ಕೆಮ್ಮು, ಮತ್ತೆ ನಗು.
"ಅವತ್ತೂ ಅವ್ರಿಗೆ ಹಾಗೇ ಕೇಳಿಸಿದ್ದು ಕಣಮ್ಮ.
ನಾ ಹೇಳಿದ್ದು ಒಂದು,
ಒಂಬತ್ತು ವರ್ಷ ಊದಿದ್ದು ಇನ್ನೊಂದು."

ಸಾಲಿನ ಎತ್ತರ ಒಂದೂಕಾಲು ಇತ್ತು, ಒಂದೂಮುಕ್ಕಾಲು ಮಾಡಿದೆ.
ಕತ್ತರಿಸಬೇಡ ಎಂದು ಹೊಸ ಮಾತಿನಲ್ಲಿ ಬರೆದು
ಆ ಮಾತು ತಿಳಿಯದ ಹಳೆಯ ಫೋನುಗಳಿಗೆಂದು
ಹಳೆಯ ಮಾತಿನಲ್ಲಿ ಇನ್ನೊಮ್ಮೆ ಬರೆದೆ.
ಪುಟ ಇನ್ನೂರ ಮೂವತ್ತಾಯಿತು. ಆಗಲಿ.
ಆರು ವಾರಕ್ಕೆ ಮತ್ತೊಂದು ಆವೃತ್ತಿಯಂತೆ.

ಸಂಜೆ ನೋಡಿದರೆ ಕೀಬೋರ್ಡಿನ ಪಕ್ಕ ಸೀಸದ ಚೂರು:
ಲ-ಒತ್ತು. ಭದ್ರಾವತಿಗೆ ಹಿಂದಿರುಗಿಸಬೇಕಿದ್ದದ್ದು,
ಗುತ್ಯಪ್ಪನ ಜೇಬಲ್ಲೇ ಉಳಿದಿತ್ತು ಇಷ್ಟು ವರ್ಷ.
ಉಗುರಿನಷ್ಟೂ ಇಲ್ಲ. ಭಾರ ಮಾತ್ರ ಇದೆ.

ಹುಚ್ಚಮ್ಮನಿಗೆ ಸಂದೇಶ ಕಳಿಸಿದೆ:
ಸರಿ ಮಾಡಿದ್ದೇನೆ, ಹಳೆಯದನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ.
ರಾತ್ರಿ ಉತ್ತರ ಬಂತು:
ಫೋನಲ್ಲಿ ಜಾಗ ಇಲ್ಲವಂತೆ.
ಏನನ್ನ ತೆಗೀಲಿ?