ಗುಡಿಸು, ಎತ್ವ

ದುರ್ಗಿಗುಡಿಯಲ್ಲಿ ನಮ್ಮ ಆಫೀಸು.
ಕೆಳಗೆ ಕನ್ನಡಕದ ಅಂಗಡಿ,
ಮೇಲೆ ಮೂರು ಕುರ್ಚಿ, ನಾನು ಮತ್ತು ಫರ್ಜಾನಾ.
ಮೂರನೆಯದರಲ್ಲಿ ಪ್ರಿಂಟರು ಕೂತಿರುತ್ತದೆ.

ಮಂಗನ ಕಾಯಿಲೆಗೊಂದು ಆ್ಯಪ್ ಕಟ್ಟುತ್ತಿದ್ದೆವು,
ಸಾಗರದ ಕಡೆಯ ಆಶಾ ಕಾರ್ಯಕರ್ತೆಯರಿಗೆ:
ಯಾವ ಕಾನಿನಲ್ಲಿ ಮಂಗ ಸತ್ತಿದೆ, ಯಾರಿಗೆ ಜ್ವರ,
ಯಾರ ಮೊಣಕಾಲ ಹಿಂದೆ ಉಣ್ಣಿ ಕಚ್ಚಿ ಎಷ್ಟು ದಿನವಾಯಿತು.
ಚಿತ್ರ ಮುಟ್ಟಿದರೆ ಸಾಕು, ಬರೆಯಬೇಕಿಲ್ಲ.

ಆ ಚಿತ್ರಗಳನ್ನು ನಾನು ಹೆಸರು ಹಿಡಿದು ಕರೆಯುತ್ತಿದ್ದೆ,
ಬರೀ ಒಂದು ಸ್ಟ್ರಿಂಗು,
ಕತ್ತಲೆಗೆ ಕೂಗಿದ ಹಾಗೆ:
ಇದ್ದರೆ ಓಗೊಡು.
ಇಲ್ಲದಿದ್ದರೆ ಏನು ಅಂತ ಯೋಚಿಸಿರಲಿಲ್ಲ.
ನನ್ನ ಮೇಜಿನ ಮೇಲೆ, ನಾನು ಮುಟ್ಟಿದ್ದೆಲ್ಲ ಓಗೊಟ್ಟವು.
ಸತ್ತ ಮಂಗನನ್ನು ನಾನು ಮುಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ಲೋಲಾಕ್ಷಿಯವರ ಫೋನು,
ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಏದುಸಿರಲ್ಲಿ:
"ಮಂಗನ ಚಿತ್ರ ಮುಟ್ಟಿದ್ರೆ ಆ್ಯಪೇ ಮುಚ್ಕತ್ತದೆ ಕಣ್ರೀ.
ಇಲ್ಲೊಂದು ಬಿದ್ದದೆ, ನೊಣ ಮುತ್ತಿದಾವೆ.
ನಾನು ಯಾರಿಗೆ ಹೇಳ್ಲಿ?"

ಎರಡು ಗಂಟೆ ಹುಡುಕಿದೆ.
ಸತ್ತ ಮಂಗ ಎಂಬಲ್ಲಿ ಒಂದು ತಕಾರ ಬಿಟ್ಟುಹೋಗಿತ್ತು.
ಸತ ಮಂಗ.
ಸಾವಿಗೆ ಒತ್ತು ಕೊಡುವುದನ್ನು ಮರೆತಿದ್ದೆ.

ಫರ್ಜಾನಾ ಬೈಯಲಿಲ್ಲ.
ಪ್ರಿಂಟರನ್ನು ನೆಲಕ್ಕಿಳಿಸಿ ಪಕ್ಕದಲ್ಲಿ ಬಂದು ಕೂತಳು.
"ಹೆಸರನ್ನು ಇನ್ನು ನೀನು ಬರೀಬೇಡ.
ಫೋಲ್ಡರಿನಲ್ಲಿ ಏನಿದೆಯೋ ನೋಡಿ ಯಂತ್ರವೇ ಪಟ್ಟಿ ಬರೀಲಿ,
ನೀನು ಅದರಿಂದ ಆರಿಸು.
ಇಲ್ಲದ್ದನ್ನು ಕರೆದರೆ ಆ್ಯಪು ಹುಟ್ಟಲೇಬಾರದು.
ಚಿತ್ರ ಬೇಕಾದ ಕಡೆ ಬಣ್ಣ ಕೊಟ್ಟರೆ
ಒಳಗೇ ಬಿಟ್ಟುಕೊಳ್ಳಬಾರದು."

ನನಗೆ ಮೂರನೇ ಕ್ಲಾಸು ನೆನಪಾಯಿತು.
ಸಾವಂತ್ರಮ್ಮ ಟೀಚರ್, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು:
ಕ ಗುಡಿಸು ಕಿ, ಕ ಎತ್ವ ಕೆ.
ಕಾಗುಣಿತ ತಪ್ಪಿದ ಸ್ಲೇಟು ಹೊಸಿಲು ದಾಟುವಂತಿಲ್ಲ.
ಅಳುತ್ತ ಒರೆಸುತ್ತಿದ್ದೆವು, ಎಂಜಲು ಹಚ್ಚಿ.
ಆದರೆ ಬೀದಿಯಲ್ಲಿ ಯಾರೂ ನಮ್ಮನ್ನು ನೋಡಿ ನಕ್ಕಿದ್ದಿಲ್ಲ.

ಎಲ್ಲ ಹೆಸರು ಬದಲಿಸಿ ಬಿಲ್ಡ್ ಒತ್ತಿದೆ.
ಹನ್ನೊಂದು ಕೆಂಪು ಗೆರೆ.
ಹನ್ನೊಂದು ಸಲ ಯಾರೋ ಗುಡ್ಡ ಹತ್ತುವುದು ತಪ್ಪಿತು
ಎಂದು ಒಂದೊಂದನ್ನೇ ತಿದ್ದಿದೆ.
ಕೊನೆಗೆ ಹಸಿರು. ಚಹಾ ತರಿಸಿದೆವು,
ಒಂದಕ್ಕೊಂದು ಖಾರಾ ಬನ್ನು.

ಮಾರ್ಚಿನಲ್ಲಿ ಮತ್ತೆ ಲೋಲಾಕ್ಷಿ.
ಈ ಸಲ ಏದುಸಿರಿಲ್ಲ, ನಗು.
"ಉಣ್ಣಿ ಕಚ್ಚಿದ್ರೆ ಇದನ್ನು ಮುಟ್ಟಿ ಅಂತ
ನೂಲಿನ ಉಂಡೆ ತೋರಿಸ್ತದಲ್ರೀ ನಿಮ್ಮ ಆ್ಯಪು!"

ಹೋದ ವರ್ಷ ಕಂಬಳಿ ಅಂಗಡಿಯೊಂದಕ್ಕೆ ಕೆಲಸ ಮಾಡಿದ್ದೆವು,
ಆ ಕೋಡನ್ನೇ ನಕಲು ಮಾಡಿ ಇದನ್ನು ಶುರುಮಾಡಿದ್ದು.
ಪಟ್ಟಿಯಲ್ಲಿ ಉಣ್ಣೆ, ಅದರ ಕೆಳಗೇ ಉಣ್ಣಿ.
ಎರಡೂ ಇವೆ. ಎರಡೂ ಚಿತ್ರಗಳೇ.
ಅರ್ಧ ಟೈಪಿಸಿ, ಮೇಲಿದ್ದದ್ದನ್ನು ಒತ್ತಿ ಮುಂದೆ ಹೋಗಿದ್ದೆ.
ಕಂಪೈಲರ್ ಕಾಗುಣಿತ ನೋಡಿತು,
ಸರಿಯಾಗಿದೆ, ಹೋಗಿ ಬಾ ಅಂದಿತು.
ಕುರಿಯ ಮೈಮೇಲೆ ಬೆಳೆಯುವುದು ಯಾವುದು,
ದನದ ಕಿವಿಯೊಳಗೆ ಊದಿಕೊಳ್ಳುವುದು ಯಾವುದು
ಅದಕ್ಕೆ ಹೇಗೆ ಗೊತ್ತಾಗಬೇಕು?
ಸಾವಂತ್ರಮ್ಮ ಟೀಚರಿಗೆ ಗೊತ್ತಾಗುತ್ತಿತ್ತು.
ಸ್ಲೇಟು ನೋಡಿ, ಆಮೇಲೆ ಮುಖ ನೋಡಿ ಕೇಳುತ್ತಿದ್ದರು:
ಏನಂತ ಬರೆದೆ ಮಗಾ, ಹೇಳು.

"ಮತ್ತೆ ನೀವು ಹೇಗೆ ನಿಭಾಯಿಸಿದಿರಿ?" ಅಂದೆ.
"ಎಲ್ಲರಿಗೂ ಹೇಳ್ಬಿಟ್ಟೆ,
ನೂಲುಂಡೆ ಅಂದ್ರೆ ಉಣ್ಣಿ ಅಂತ.
ಹದಿನಾಲ್ಕು ಜನದ್ದು ಬರೆಸಿದೀನಿ, ಒಂದೂ ತಪ್ಪಿಲ್ಲ."

ಉಣ್ಣೆಯನ್ನು ಫೋಲ್ಡರಿನಿಂದಲೇ ಅಳಿಸಿದೆ.
ಒಂದೇ ಒಂದು ಕೆಂಪು ಗೆರೆ ಎದ್ದಿತು,
ನಾನು ಮುಗ್ಗರಿಸಿದ ಅದೇ ಜಾಗದಲ್ಲಿ.
ಎತ್ವ ತೆಗೆದು ಗುಡಿಸು ಕೊಟ್ಟೆ.
ಸಾಸಿವೆಯಷ್ಟಿರುವ ಹುಳ, ಎಂಟು ಕಾಲು ಚಾಚಿ
ಪರದೆ ತುಂಬ ಬಂದು ಕೂತಿತು.

ಮರುದಿನ ಲೋಲಾಕ್ಷಿಯವರ ಮೆಸೇಜು:
ಹೊಸದು ಬಂತು. ಸರಿ ಇದೆ.
ಆದ್ರೆ ಮಕ್ಕಳು ಹೆದರ್ತವೆ,
ನೂಲುಂಡೆಯೇ ಚಂದ ಇತ್ತು.