ಬಲ ತೊಡೆಸಂದು

ಚೀಟಿಯಲ್ಲಿ ಬರೆದದ್ದು ಹರ್ನಿಯಾ.
ಕೆಮ್ಮಮ್ಮ ಎಂದೆ; ಕೆಮ್ಮಿದಳು.
ಬೆರಳಡಿಯ ಗಂಟು ಜಪ್ಪಯ್ಯ ಅಂದರೂ ಕದಲಲಿಲ್ಲ.

ಗೋರಿಪಾಳ್ಯದ ಶಮೀಮ್ ತಾಜ್.
ಊದುಬತ್ತಿ ಹೊಸೆದು ಕಪ್ಪಾದ ಅಂಗೈ,
ಬಟ್ಟೆಯಂಗಡಿ ಕವರಿನಲ್ಲಿ ಒಂಬತ್ತು ವರ್ಷದ ಚೀಟಿಗಳು.

ನೋವು ಯಾವಾಗ ಎಂದು ಕೇಳಿದ್ದು
ನಾನಲ್ಲ, ಸಿಸ್ಟರ್ ಫಿಲೋಮಿನಾ.
ಪರದೆ ಎಳೆದ ಮೇಲೆ ಪಿಸುಮಾತು:
"ತಿಂಗಳು ತಿಂಗಳೂ, ಆ ಮೂರು ದಿನ."

ಕೊಯ್ದರೆ ಕರುಳಿಲ್ಲ.
ತರಿಸಿದ್ದ ಜಾಲರಿ ಪೊಟ್ಟಣದಲ್ಲೇ ಉಳಿಯಿತು.
ಗರ್ಭಕೋಶದ ಒಳಪದರದ ಒಂದು ಚೂರು
ದಾರಿ ತಪ್ಪಿ ಸಂದಿನಲ್ಲಿ ಬಿಡಾರ ಹೂಡಿ
ಅಲ್ಲೇ, ಲೆಕ್ಕ ತಪ್ಪದೆ, ಮುಟ್ಟಾಗುತ್ತಿತ್ತು.
ಹಳೇ ರಕ್ತ, ಜೋನಿಬೆಲ್ಲದ ಬಣ್ಣ.

ಹೊರಗೆ ಕೆ.ಆರ್. ಮಾರ್ಕೆಟ್ಟಿನ ಬಸ್ಸುಗಳ ಹಾರ್ನು.
ಹರ್ನಿಯಾ ಹೊಡೆದುಹಾಕಲು
ಮೊದಲ ಚೀಟಿ ಹುಡುಕಿದೆ.
ಮೂಲೆ ಹರಿದಿತ್ತು, ಶಾಯಿ ಮಾಸಿತ್ತು.
ಕೈಬರಹ ನನ್ನದೇ.