ದ್ವೀಪಕ್ಕೆ ಗಾಡಿ ಹೋಗುವುದಿಲ್ಲ

ಉಪ್ಪಳ್ಳಿಯಲ್ಲಿ ಉಪ್ಪಿರುವುದು ಹೆಸರಿನಲ್ಲಿ ಮಾತ್ರ.
ಮೊಯ್ದಿನಬ್ಬನ ಗ್ಯಾರೇಜಿನ ನೆಲದಲ್ಲಿ
ಸೀಮೆಎಣ್ಣೆ ಡಬ್ಬ, ಬಿಚ್ಚಿಟ್ಟ ಕಾರ್ಬೊರೇಟರು,
ನಡುವೆ ಕುಕ್ಕರಗಾಲಲ್ಲಿ ನಾವಿಬ್ಬರು ಟೀಚರುಗಳು
ಹೋದ ವರ್ಷದ ಬ್ಯಾಂಕ್ ಕ್ಯಾಲೆಂಡರಿನ ಬೆನ್ನಿಗೆ
ಕರಾವಳಿ ಬರೆಯುತ್ತಿದ್ದೇವೆ.

ನಾನು ಸಮಾಜ ವಿಜ್ಞಾನ, ಫ್ಲೋರಿನ್ ಡ್ರಿಲ್ಲು.
ನಾಲ್ಕೂ ಕಡೆ ನೀರಿದ್ದರೆ ದ್ವೀಪ,
ಮೂರು ಕಡೆಯಿದ್ದರೆ ಪರ್ಯಾಯ ದ್ವೀಪ ಎಂದು
ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದವಳು.
ಎರಡನೆಯದರ ಮೇಲೆ ಹುಟ್ಟಿ ಬೆಳೆದೆ,
ಮೊದಲನೆಯದನ್ನು ಮುಟ್ಟಿಲ್ಲ.

ಇಪ್ಪತ್ತೈದಕ್ಕೆ ಫ್ಲೋರಿನ್ ಮನೆಯ ಕುಸ್ವಾರ್ ಮುಗಿಯಬೇಕು,
ಇಪ್ಪತ್ತಾರರ ಬೆಳಗ್ಗೆ ಐದಕ್ಕೆ ಕಿಕ್ಕು.
ಮೂಡಿಗೆರೆಯಲ್ಲಿ ಪೆಟ್ರೋಲು, ಕೊಟ್ಟಿಗೆಹಾರದಲ್ಲಿ ನೀರುದೋಸೆ,
ಚಾರ್ಮಾಡಿಯ ಮಂಜು ಕರಗುವಷ್ಟು ಹೊತ್ತು ಇನ್ನೊಂದು ನೀರುದೋಸೆ.
ಸಂಜೆಗೆ ಮಲ್ಪೆ.
ಮುಂದೆ ಮರವಂತೆ: ಎಡಕ್ಕೆ ಕಡಲು, ಬಲಕ್ಕೆ ಹೊಳೆ.
ಅಲ್ಲಿ ಮೂವತ್ತು ದಾಟಬಾರದು,
ದಾಟಿದರೆ ಇಷ್ಟು ದೂರ ಬಂದದ್ದೇಕೆ, ಎಂದಳು ಫ್ಲೋರಿನ್.
ಹೊನ್ನಾವರ, ಕಾರವಾರ. ಅಲ್ಲಿಗೆ ಕಾಗದ ಮುಗಿಯಿತು.

ಒಂದು ಕ್ಲಚ್ ಕೇಬಲ್ಲು, ಎರಡು ಪ್ಲಗ್ಗು,
ನನ್ನ ಬಿಪಿ ಮಾತ್ರೆ,
ಮನೆಯಲ್ಲಿ ಇನ್ನೂ ಹೇಳಿಲ್ಲ ಎಂಬುದೊಂದು,
ಬ್ಯಾಗಿನಲ್ಲಿ ಅದಕ್ಕೂ ಜಾಗ ಬೇಕು.

ನೀಲಿ ಪೆನ್ಸಿಲಿನಲ್ಲಿ ದ್ವೀಪಗಳಿಗೆ ಸೊನ್ನೆ ಸುತ್ತಿದೆ.

"ಈ ಸೊನ್ನೆಗೆ ಗಾಡಿ ಹೇಗೆ ಹೋಗ್ತದೆ ಟೀಚರ್?"
ಸ್ಪಾನರು ಕೆಳಗಿಡದೆ ಕೇಳಿದ ಮೊಯ್ದಿನಬ್ಬ.

ಹೋಗುವುದಿಲ್ಲ.
ನಾಲ್ಕು ತಿಂಗಳು ಟಯರಿನ ಗಾಳಿಯವರೆಗೆ ಯೋಚಿಸಿದವರು
ನೀರನ್ನು ಯೋಚಿಸಿರಲಿಲ್ಲ.

ಹರಕು ಬನಿಯನ್ನಿಗೆ ಕೈ ಒರೆಸಿ ಪೆನ್ಸಿಲು ತೆಗೆದುಕೊಂಡ.
ಹದಿಮೂರಕ್ಕೆ ಘಾಟಿ ಹತ್ತಿದವನು, ಮೀನು ಲಾರಿಯಲ್ಲಿ,
ಮಂಜುಗಡ್ಡೆಯ ಮೇಲೆ ಗೋಣಿ ಹಾಸಿಕೊಂಡು.
"ಬೋಟು ಇಲ್ಲಿ. ಗಾಡಿ ಈ ಐಸ್ ಪ್ಲಾಂಟಿನ ಗೋಡೆಗೆ,
ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ. ಚೈನಿಗೆ ಗ್ರೀಸು ಮೆತ್ತಿ.
ಉಪ್ಪು ಕಬ್ಬಿಣವನ್ನು ನಕ್ಕೊಂಡೇ ತಿಂತದೆ."

ಆಮೇಲೆ ಖಾಲಿ ಕಡಲಲ್ಲಿ ಒಂದು ಚುಕ್ಕೆ ಇಟ್ಟ.
"ಇದೊಂದು ಬಂಡೆ ಉಂಟು. ಇಳಿತದಲ್ಲಿ ಮಾತ್ರ ಕಾಣ್ತದೆ.
ನಮ್ಮ ಅಜ್ಜ ಇದಕ್ಕೆ ಸಾಲಗಾರ ಅಂತಿದ್ರು.
ಆಗಾಗ ತಲೆ ತೋರಿಸ್ತಾನೆ, ಹುಡುಕಿಕೊಂಡು ಹೋದರೆ ಇರೂದಿಲ್ಲ."

ಎಷ್ಟು ವರ್ಷವಾಯಿತು ಆ ಕಡೆ ಹೋಗಿ, ಕೇಳಿದೆ.
ಕಾರ್ಬೊರೇಟರಿನ ತೂತಿಗೆ ಉಫ್ ಎಂದು ಊದಿದ.
ನೀನೂ ಬಾರೋ, ಎಂದಳು ಫ್ಲೋರಿನ್.
ಡಿಸೆಂಬರಿನಲ್ಲಿ ಟೂರಿಸ್ಟ್ ಗಾಡಿ ಜಾಸ್ತಿ, ಎಂದ.

ಅಡ್ವಾನ್ಸು ಐನೂರು ಕೊಟ್ಟರೆ ಇನ್ನೂರು ವಾಪಸು ಕೊಟ್ಟ.
ಕ್ಯಾಲೆಂಡರು ಸುತ್ತಿ, ಹಳೇ ಬ್ರೇಕ್ ಕೇಬಲಿನಿಂದ ಕಟ್ಟಿ,
ಗೇಟಿನವರೆಗೆ ಬಂದಿದ್ದೆವು.

"ಟೀಚರ್,
ಬಂದ ಮೇಲೆ ಗಾಡಿ ತೊಳೀಬೇಡಿ.
ಹಾಗೇ ಇಲ್ಲಿಗೆ ತನ್ನಿ.
ನಾನೇ ತೊಳೀತೇನೆ."